ಸಾಮಾಜಿಕ ಒಳಗೊಳ್ಳುವಿಕೆ: ಸ್ಥಳೀಯ ಸೇವೆಗಳ ಪಾತ್ರ

ಈ ಪಾಠದಲ್ಲಿ ನಾನು ಮೊದಲು ಎಡವಿದ್ದು ಒಂದೇ ಕಡೆ. ಸಮಾಜದಿಂದ ಹೊರಗುಳಿಯೋದು ಅಂದ್ರೆ ಬಡತನ ಅಂದುಕೊಂಡಿದ್ದೆ. ಪೂರ್ತಿ ಹಾಗಲ್ಲ. ಕೈಯಲ್ಲಿ ದುಡ್ಡಿದ್ದೂ ಮಾತಾಡಿಸುವವರಿಲ್ಲದ ವೃದ್ಧರು, ಮೆಟ್ಟಿಲಿರುವ ಕಾರಣಕ್ಕೇ ಸಭೆಗೆ ಬರಲಾಗದ ಗಾಲಿಕುರ್ಚಿ ಬಳಸುವವರು, ಅಲ್ಲಿನ ಭಾಷೆ ಬಾರದೆ ಶಾಲೆಯಲ್ಲಿ ತನ್ನ ಮಗುವಿನ ಬಗ್ಗೆ ವಿಚಾರಿಸಲಾಗದ ತಾಯಿ, ಇವರೂ ಹೊರಗೇ ಇದ್ದಾರೆ ಅಲ್ವಾ? 1974ರಲ್ಲಿ ಫ್ರಾನ್ಸಿನ ಸರ್ಕಾರಿ ಅಧಿಕಾರಿ ರೆನೆ ಲೆನ್ವಾರ್ 'ಹೊರಗುಳಿದವರು' ಎಂಬ ಮಾತನ್ನು ಚರ್ಚೆಗೆ ತಂದಾಗಲೂ ಅಂಗವಿಕಲರು, ವೃದ್ಧರು ಅದರಲ್ಲಿ ಸೇರಿದ್ದರು.

ಹಾಗಾದರೆ ಸೇವೆ ಸ್ಥಳೀಯವಾಗಿ ಯಾಕಿರಬೇಕು? ಕಾನೂನು, ಹಣ ಮೇಲಿಂದ ಬರಬಹುದು. ಆದರೆ ಯಾರು ಕಚೇರಿಗೆ ಬರುತ್ತಲೇ ಇಲ್ಲ ಅನ್ನೋದು ಗೊತ್ತಾಗುವುದು ಆ ಬೀದಿಯಲ್ಲಿ ಓಡಾಡುವವರಿಗೆ ಮಾತ್ರ. ಒಂದು ಉದಾಹರಣೆ ನೋಡಿ. ಸರ್ಕಾರದ ಭತ್ಯೆ ಬೇಕಾದರೆ ವಿಳಾಸ ಬೇಕು, ಮನೆಯಿಲ್ಲದವರಿಗೆ ವಿಳಾಸ ಎಲ್ಲಿಂದ ಬರಬೇಕು, ಭತ್ಯೆ ಇಲ್ಲದೆ ಬಾಡಿಗೆ ಕಟ್ಟೋದು ಹೇಗೆ? ಈ ಗಂಟನ್ನು ಬಿಚ್ಚೋದು ಪಕ್ಕದಲ್ಲಿ ಕೂತು ಅರ್ಜಿ ತುಂಬಿಸಿ, ಪತ್ರಗಳು ಬರಲು ತಮ್ಮ ಕೇಂದ್ರದ ವಿಳಾಸ ಕೊಡುವ ಕಾರ್ಯಕರ್ತೆ. ಕೆಲಸ ಸಣ್ಣದು ಅನ್ನಿಸಬಹುದು. ನನ್ನ ಪ್ರಕಾರ ಇಡೀ ಪಾಠದ ಜೀವ ಇಲ್ಲಿದೆ.

'ಮೊದಲು ಮನೆ' ವಿಧಾನವನ್ನು ಚೆನ್ನಾಗಿ ಓದಿಕೊಳ್ಳಿ. ಹಳೆಯ ಪದ್ಧತಿಯಲ್ಲಿ ಮನೆಯಿಲ್ಲದವರು ಮೊದಲು ಕುಡಿತ ಬಿಡಬೇಕು, ಚಿಕಿತ್ಸೆ ಮುಗಿಸಬೇಕು, ಆಮೇಲೆ ಮನೆ. ಇಲ್ಲಿ ಅದು ತಲೆಕೆಳಗು: ಮೊದಲು ಮನೆ, ಉಳಿದದ್ದು ಆಮೇಲೆ. 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದ ಈ ದಾರಿಯನ್ನು ಫಿನ್‌ಲ್ಯಾಂಡ್ 2008ರಿಂದ ರಾಷ್ಟ್ರೀಯ ನೀತಿಯಾಗಿ ಹಿಡಿಯಿತು. ಬೀದಿಯಲ್ಲಿ ಮಲಗುವವರಿಗೆ ಮಾತ್ರೆ ಜೋಪಾನ ಮಾಡೋಕೂ ಜಾಗ ಇರುವುದಿಲ್ಲ, ಇನ್ನು ಚಿಕಿತ್ಸೆ ಮುಗಿಸಿ ಬಾ ಅಂದರೆ ಹೇಗೆ? ಆದರೆ ಬೀಗದ ಕೈ ಕೊಟ್ಟು ಸುಮ್ನೆ ಬಿಟ್ಟರೆ ಆ ಮನುಷ್ಯ ನಾಲ್ಕು ಗೋಡೆ ನಡುವೆ ಮತ್ತೆ ಒಂಟಿ. ಅದಕ್ಕೇ ಬಂದು ಹೋಗುವ ನೆರವಿನವರು ಬೇಕು, ಅಕ್ಕಪಕ್ಕದವರ ಪರಿಚಯ ಆಗಬೇಕು, ಸಾಧ್ಯವಾದರೆ ಕೆಲಸಕ್ಕೆ ದಾರಿ ಸಿಗಬೇಕು.

ಪರೀಕ್ಷೆಯಲ್ಲಿ ಜಾಸ್ತಿ ಗೊಂದಲ ಮಾಡುವ ಪ್ರಶ್ನೆ ಇನ್ನೊಂದಿದೆ: ಅಂಗವಿಕಲರಿಗೆ ಅಂತಲೇ ಇರುವ ಪ್ರತ್ಯೇಕ ಹಗಲು ಕೇಂದ್ರ ಒಳಗೊಳ್ಳುವಿಕೆಯೇ? ಮನೆಯವರಿಗೆ ಬಿಡುವು ಸಿಗುತ್ತದೆ, ಗೆಳೆಯರೂ ಸಿಗುತ್ತಾರೆ, ಅದನ್ನು ತಳ್ಳಿಹಾಕಬೇಡಿ. ಆದರೆ 2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಪ್ಪಂದದ 19ನೇ ವಿಧಿ ಹೇಳುವುದು ಎಲ್ಲರ ನಡುವೆ, ತಮ್ಮ ಇಷ್ಟದಂತೆ ಬದುಕುವ ಹಕ್ಕಿನ ಬಗ್ಗೆ. ಹಾಗಾಗಿ ಅದೇ ವ್ಯಕ್ತಿ ಎಲ್ಲರೂ ಹೋಗುವ ಗ್ರಂಥಾಲಯಕ್ಕೋ ಈಜುಕೊಳಕ್ಕೋ ಹೋಗಲು ಜೊತೆಗಾರರನ್ನು ಒದಗಿಸಲಾಗಿದೆಯೇ ಅಂತಲೂ ಉತ್ತರದಲ್ಲಿ ಕೇಳಿ.