ಸಂಬಳ ಒಂದೇ, ಕಂತು ಬೇರೆ

"ದುಡಿದರೆ ಅಮೆರಿಕದಲ್ಲಿ ಯಾರು ಬೇಕಾದರೂ ಮನೆ ತಗೋಬಹುದು. ಕಪ್ಪು ಜನಕ್ಕೆ ಮಾತ್ರ ಯಾಕೆ ಆಗಲ್ಲ?" ಶಿಕಾಗೊ ಸುತ್ತಮುತ್ತ ಗೃಹಸಾಲದ ಕೆಲಸ ಮಾಡುವ ನನ್ನನ್ನು ನಮ್ಮವರು ಆಗಾಗ ಹೀಗೆ ಕೇಳುತ್ತಾರೆ. ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ವೀಸಾ ಮೇಲೆ ಬಂದು ಐದಾರು ವರ್ಷಕ್ಕೆ ನೇಪರ್‌ವಿಲ್‌ನಲ್ಲೋ ಅರೋರಾದಲ್ಲೋ ಮನೆ ತಗೊಂಡಿರುತ್ತಾರೆ. ನಮಗೆ ಆಗಿದ್ದು ಬೇರೆಯವರಿಗೂ ಆಗಬೇಕಲ್ವಾ ಅನ್ನೋದು ಅವರ ಲೆಕ್ಕ.

ಬಿಳಿಯರ ನೂರು ಕುಟುಂಬಗಳಲ್ಲಿ ಸುಮಾರು 74ಕ್ಕೆ ಸ್ವಂತ ಮನೆ ಇದೆ. ಕಪ್ಪು ಜನರಲ್ಲಿ 45ರ ಆಸುಪಾಸು, ಹಿಸ್ಪ್ಯಾನಿಕ್ ಕುಟುಂಬಗಳಲ್ಲಿ 50ರ ಹತ್ತಿರ, ಏಷ್ಯನ್ನರಲ್ಲಿ 60ಕ್ಕಿಂತ ಸ್ವಲ್ಪ ಜಾಸ್ತಿ. ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಬಣ್ಣ ನೋಡಬಾರದು ಅಂತ ಕಾನೂನು ಬಂದದ್ದು 1968ರಲ್ಲಿ. ಆದರೂ ಬಿಳಿಯರಿಗೂ ಕಪ್ಪು ಜನರಿಗೂ ಇರುವ ಅಂತರ 1960ರಲ್ಲಿದ್ದದ್ದಕ್ಕಿಂತ ಕಡಿಮೆಯೇನೂ ಆಗಿಲ್ಲ.

ಇದಕ್ಕೆ ಕಾರಣ ಹುಡುಕುವಾಗ ಎಲ್ಲರೂ ಸಂಬಳ ನೋಡುತ್ತಾರೆ. ಸಂಬಳದಲ್ಲೂ ವ್ಯತ್ಯಾಸ ಇದೆ, ನಿಜ. ಆದರೆ ನಾನು ಫೈಲು ಬಿಚ್ಚಿದಾಗ ಮೊದಲು ನೋಡುವುದು ಡೌನ್ ಪೇಮೆಂಟ್, ಅಂದರೆ ಕೊಳ್ಳುವವರು ಮೊದಲೇ ಕೈಯಿಂದ ಹಾಕುವ ದುಡ್ಡು, ಎಲ್ಲಿಂದ ಬಂತು ಅನ್ನೋದನ್ನ.

ಒಂದು ಲೆಕ್ಕ ಹಾಕೋಣ. 4 ಲಕ್ಷ ಡಾಲರ್ ಮನೆ, 30 ವರ್ಷದ ಸಾಲ, 7% ಬಡ್ಡಿ. ಕೊಳ್ಳುವ ಇಬ್ಬರಿಗೂ ಒಂದೇ ಸಂಬಳ. ಮೊದಲನೆಯವರು 20%, ಅಂದರೆ 80,000 ಡಾಲರ್ ಕೈಯಿಂದ ಹಾಕುತ್ತಾರೆ. ತಿಂಗಳ ಕಂತು ಸುಮಾರು 2,130 ಡಾಲರ್. ಎರಡನೆಯವರ ಹತ್ತಿರ ಅಷ್ಟು ದುಡ್ಡಿಲ್ಲ. ಅವರು ಎಫ್‌ಎಚ್‌ಎ (ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಶನ್) ಅನ್ನೋ ಸರ್ಕಾರಿ ಸಂಸ್ಥೆಯ ಖಾತರಿ ಇರುವ ಸಾಲಕ್ಕೆ ಹೋಗಿ 3.5%, ಅಂದರೆ 14,000 ಡಾಲರ್ ಹಾಕುತ್ತಾರೆ. ಉಳಿದ 3,86,000 ಡಾಲರ್ ಸಾಲಕ್ಕೆ ವಿಮೆಯ ಬಾಬ್ತು 1.75% ಮೊದಲೇ ಸೇರಿಕೊಳ್ಳುತ್ತದೆ. ಕಂತು 2,613 ಆಗುತ್ತದೆ. ಅದರ ಮೇಲೆ ತಿಂಗಳು ತಿಂಗಳು ಇನ್ನೊಂದು ವಿಮೆ, ಶುರುವಿನಲ್ಲಿ 177 ಡಾಲರ್. ಒಟ್ಟು 2,790. ಅದೇ ಮನೆಗೆ ತಿಂಗಳಿಗೆ 660 ಡಾಲರ್ ಜಾಸ್ತಿ! ತೆರಿಗೆ ಬೇರೆ. ಈ ವಿಮೆ ಕಾಯುವುದು ಸಾಲ ಕೊಟ್ಟವರನ್ನು, ಕಟ್ಟುವುದು ಸಾಲ ತಗೊಂಡವರು. ಡೌನ್ ಪೇಮೆಂಟ್ 10%ಗಿಂತ ಕಡಿಮೆ ಇದ್ದರೆ ಸಾಲ ತೀರುವವರೆಗೂ ಕಟ್ಟುತ್ತಲೇ ಇರಬೇಕು. ಎಷ್ಟೋ ಸಲ ಇಲ್ಲಿಯತನಕ ಬರುವುದೂ ಇಲ್ಲ. ಕಂತು ದೊಡ್ಡದಾದರೆ ಆದಾಯಕ್ಕೆ ತಾಳೆಯಾಗಲ್ಲ, ಅರ್ಜಿ ಅಲ್ಲೇ ನಿಲ್ಲುತ್ತದೆ.

ಆ 80,000 ಎಲ್ಲಿಂದ ಬರುತ್ತದೆ? ತುಂಬಾ ಫೈಲುಗಳಲ್ಲಿ ಗಿಫ್ಟ್ ಲೆಟರ್ ಅಂತ ಒಂದು ಹಾಳೆ ಇರುತ್ತದೆ. ಕೊಡುವವರ ಹೆಸರು, ಸಂಬಂಧ, ಮೊತ್ತ, ಇದನ್ನು ವಾಪಸ್ ಕೊಡಬೇಕಿಲ್ಲ ಅನ್ನುವ ಒಂದು ಸಾಲು, ಕೆಳಗೆ ಸಹಿ. ಸಹಿ ಸಾಮಾನ್ಯವಾಗಿ ಅಪ್ಪ-ಅಮ್ಮನದ್ದು. ಇಲ್ಲಿನ ಬಿಳಿಯ ಅಪ್ಪ-ಅಮ್ಮ ತಮ್ಮ ಮನೆಯ ಮೇಲೆ ಸಾಲ ಎತ್ತಿ ಕೊಡುತ್ತಾರೆ. ನಮ್ಮವರ ಫೈಲಿನಲ್ಲಿ ಅದು ಮೈಸೂರಿನ ಸೈಟು ಮಾರಿದ ದುಡ್ಡು. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಒಬ್ಬರು ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಹೊರದೇಶಕ್ಕೆ ಕಳಿಸಬಹುದಾದ್ದರಿಂದ ದಾರಿ ಸಲೀಸು. ಆಮೇಲೆ ಗೃಹಪ್ರವೇಶದ ದಿನ "ಎಲ್ಲಾ ನಮ್ಮ ಸ್ವಂತ ದುಡಿಮೆ" ಅನ್ನುವಾಗ ಆ ಸೈಟು ಯಾರಿಗೂ ನೆನಪಿರಲ್ಲ.

ಕಪ್ಪು ಕುಟುಂಬದ ಅಪ್ಪನ ಹತ್ತಿರ ಅಂಥ ಸೈಟು ಯಾಕಿಲ್ಲ? 1933ರಲ್ಲಿ ಶುರುವಾದ ಒಂದು ಸರ್ಕಾರಿ ಸಾಲ ಸಂಸ್ಥೆ ಊರೂರಿನ ನಕ್ಷೆ ಮಾಡಿ ಕಪ್ಪು ಜನರ ಬಡಾವಣೆಗಳಿಗೆ, ಇಲ್ಲಿ ಸಾಲ ಕೊಡೋದು ಅಪಾಯ ಅಂತ, ಕೆಂಪು ಬಳಿಯಿತು. 1934ರಲ್ಲಿ ಹುಟ್ಟಿದ ಎಫ್‌ಎಚ್‌ಎ, ಹೌದು, ಅದೇ ಎಫ್‌ಎಚ್‌ಎ, ಅಂಥ ಕಡೆಯ ಸಾಲಗಳಿಗೆ ಖಾತರಿ ಕೊಡಲು ಹಿಂದೇಟು ಹಾಕಿತು. ಬ್ಯಾಂಕುಗಳೂ ಕೈ ಎತ್ತಿದವು. ಶಿಕಾಗೊದ ಲಾನ್‌ಡೇಲ್‌ನಂಥ ಕಡೆ ಜನ 'ಕಾಂಟ್ರ್ಯಾಕ್ಟ್' ಮೇಲೆ ಮನೆ ಕೊಂಡರು. ಮಧ್ಯವರ್ತಿ ಮನೆಯನ್ನು ಅಗ್ಗಕ್ಕೆ ಕೊಂಡು ಭಾರಿ ಬೆಲೆಗೆ ಕಂತಿನ ಮೇಲೆ ಮಾರುತ್ತಿದ್ದ. ಕೊನೆಯ ಕಂತು ಕಟ್ಟುವವರೆಗೂ ಪತ್ರ ಅವನ ಹೆಸರಿನಲ್ಲೇ. ಒಂದು ಕಂತು ತಪ್ಪಿದರೂ ಮನೆಯೂ ಹೋಯಿತು, ಕಟ್ಟಿದ್ದೂ ಹೋಯಿತು. ಸೂರು ಸೋರಿದರೆ ಮಾತ್ರ ರಿಪೇರಿ ಕೊಂಡವನದ್ದೇ. 1968ರಲ್ಲಿ ಅಲ್ಲಿನ ಜನ ಸಂಘ ಕಟ್ಟಿ ಕಂತು ಕಟ್ಟೋದನ್ನೇ ನಿಲ್ಲಿಸಿ ಹೋರಾಡಿದರು. ಅವರ ಮೊಮ್ಮಕ್ಕಳೇ ಇವತ್ತು ಗಿಫ್ಟ್ ಲೆಟರ್ ಇಲ್ಲದೆ ಸಾಲಕ್ಕೆ ಬರುವವರು. 2022ರಲ್ಲಿ ಬಿಳಿಯ ಕುಟುಂಬಗಳನ್ನು ಆಸ್ತಿಯ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ನಡುವೆ ಬರುವ ಕುಟುಂಬದ ಆಸ್ತಿ 2,85,000 ಡಾಲರ್. ಕಪ್ಪು ಕುಟುಂಬಗಳಲ್ಲಿ 44,900.

ನಮ್ಮವರಿಗೂ ಇದರ ಬಿಸಿ ತಟ್ಟಿತ್ತು. ಪೌರತ್ವಕ್ಕೆ ಅರ್ಹರಲ್ಲದವರು ಜಮೀನು ಕೊಳ್ಳಬಾರದು ಅಂತ ಕ್ಯಾಲಿಫೋರ್ನಿಯಾ 1913ರಲ್ಲಿ ಕಾನೂನು ಮಾಡಿತ್ತು. 1923ರಲ್ಲಿ ಭಗತ್ ಸಿಂಗ್ ಥಿಂದ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಭಾರತೀಯರು ಬಿಳಿಯರಲ್ಲ, ಹಾಗಾಗಿ ಪೌರತ್ವಕ್ಕೆ ಅರ್ಹರಲ್ಲ ಅಂದಮೇಲೆ ಪಂಜಾಬಿ ರೈತರು ಹೊಲ ಬೇರೆಯವರ ಹೆಸರಿನಲ್ಲಿ ಇಡಬೇಕಾಯಿತು. ನಾವು ಬಂದದ್ದು ಅದೆಲ್ಲ ಮುಗಿದ ಮೇಲೆ. ಅಷ್ಟಕ್ಕೂ ಬಾಡಿಗೆ ಮನೆ ತೋರಿಸುವ ಮೊದಲೇ "ನೀವು ಯಾವ ಜನ?" ಅಂತ ಕೇಳುವ ಊರಿನಿಂದ ಬಂದ ನಮಗೆ ಇದು ಅರ್ಥವಾಗದ ವಿಷಯವೇನಲ್ಲ.

ಸಾಲ ಕೊಡುವ ಮೊದಲು ಮನೆಗೆ ಬೆಲೆ ಕಟ್ಟಿಸುವಾಗಲೂ ಪೆಟ್ಟು ಬೀಳುತ್ತದೆ. ಬ್ಯಾಂಕುಗಳಿಂದ ಗೃಹಸಾಲಗಳನ್ನು ಕೊಳ್ಳುವ ಫ್ರೆಡ್ಡಿ ಮ್ಯಾಕ್ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಪ್ಪು ಜನ ಹೆಚ್ಚಿರುವ ಕಡೆ 12.5% ಮನೆಗಳಿಗೆ ಒಪ್ಪಿದ ಬೆಲೆಗಿಂತ ಕಡಿಮೆ ಮೌಲ್ಯ ಬಂದಿತ್ತು, ಬಿಳಿಯರ ಕಡೆ 7.4%. ಸಾಲ ಕೊಡುವುದು ಎರಡರಲ್ಲಿ ಕಡಿಮೆ ಯಾವುದೋ ಅದರ ಮೇಲೆ. 3 ಲಕ್ಷಕ್ಕೆ ಒಪ್ಪಿದ ಮನೆಗೆ 2,85,000 ಅಂತ ವರದಿ ಬಂದು, ಮಾರುವವರು ಬೆಲೆ ಇಳಿಸದಿದ್ದರೆ, ಉಳಿದ 15,000 ಕೊಳ್ಳುವವರೇ ಹೊಂದಿಸಬೇಕು. ಕೈಯಲ್ಲಿ ದುಡ್ಡಿಲ್ಲದವರಿಗೇ ಇದು ಜಾಸ್ತಿ ಆಗುವುದು ನನಗೆ ಎಲ್ಲಕ್ಕಿಂತ ಸಿಟ್ಟು ತರಿಸುತ್ತದೆ.

ಬಾಡಿಗೆ ತಪ್ಪದೆ ಕಟ್ಟಿದ್ದನ್ನು ಸಾಲದ ಅರ್ಜಿಯಲ್ಲಿ ಪರಿಗಣಿಸುವ ಪದ್ಧತಿಯನ್ನು ಫ್ರೆಡ್ಡಿ ಮ್ಯಾಕ್‌ನಂಥದ್ದೇ ಇನ್ನೊಂದು ಸಂಸ್ಥೆ 'ಫ್ಯಾನಿ ಮೇ' 2021ರಲ್ಲಿ ತಂದಿತು. ಒಳ್ಳೆಯದೇ. ಆದರೆ ಕೊರತೆ ಇರುವುದು ಮೊದಲ ದಿನ ಇಡಬೇಕಾದ ದುಡ್ಡಿಗೆ. ಹಾಗಾಗಿ ನನಗೆ ಹಿಡಿಸಿದ್ದು ಮಿನ್ನೆಸೋಟ ರಾಜ್ಯ 2024ರಲ್ಲಿ ಮಾಡಿದ ಕೆಲಸ. ಮೊದಲ ತಲೆಮಾರಿನ ಖರೀದಿದಾರರಿಗೆ ಡೌನ್ ಪೇಮೆಂಟಿಗೆ ಅಂತಲೇ 35,000 ಡಾಲರ್‌ವರೆಗೆ ಕೊಟ್ಟಿತು. ಅಲ್ಲಿ ಬಣ್ಣ ಕೇಳಲಿಲ್ಲ. ಅಪ್ಪ-ಅಮ್ಮನಿಗೆ ಸ್ವಂತ ಮನೆ ಇತ್ತಾ, ಇದ್ದರೆ ಸಾಲಕ್ಕೆ ಜಪ್ತಿಯಾಯಿತಾ ಅಂತ ಕೇಳಿದರು. ನಮ್ಮ ಲೆಕ್ಕದ ಎರಡನೆಯವರಿಗೆ ಅಂಥದ್ದೊಂದು ಸಿಕ್ಕಿದರೆ ಕೈಯಲ್ಲಿ 49,000 ಆಗುತ್ತದೆ. ತಿಂಗಳ ಕಂತು 2,790ರಿಂದ ಸುಮಾರು 2,520ಕ್ಕೆ ಇಳಿಯುತ್ತದೆ, ವಿಮೆಯೂ 11 ವರ್ಷಕ್ಕೆ ನಿಲ್ಲುತ್ತದೆ.