ತೊಗರಿ ಗೊಡ್ಡು ಬೀಳುವುದು ಹೇಗೆ

ಕಲಬುರಗಿಯ ಎರೆ ಹೊಲಗಳಲ್ಲಿ ತೊಗರಿ ಹಳದಿ ಹೂ ಹೊತ್ತು ನಿಂತ ಹೊತ್ತಿನಲ್ಲಿ ಅಲ್ಲೊಂದು ಇಲ್ಲೊಂದು ಗಿಡ ಮಾತ್ರ ಗಿಡ್ಡಗೆ, ಪೊದೆಯಂತೆ, ಬರೀ ಹಸಿರಾಗಿ ಉಳಿದಿರುತ್ತದೆ. ಎಲೆ ಚಿಕ್ಕದು, ಅದರ ಮೇಲೆ ತಿಳಿಹಸಿರು ಕಡುಹಸಿರು ಮಚ್ಚೆ. ಹೂವಿಲ್ಲ, ಕಾಯಿಲ್ಲ. ಇದೇ ಗೊಡ್ಡು ರೋಗ. ತೊಗರಿಯ ಇನ್ನೊಂದು ರೋಗ ನೆಟೆ. ಅದು ಹತ್ತಿದ ಗಿಡ ಒಣಗಿ ಸಾಯುವುದರಿಂದ ಕಣ್ಣಿಗೆ ಬೀಳುತ್ತದೆ. ಗೊಡ್ಡು ಗಿಡ ಸಾಯುವುದಿಲ್ಲ. ಹೂ ಬರುವವರೆಗೆ ಅನೇಕರಿಗೆ ಅದು ಗೊತ್ತೇ ಆಗುವುದಿಲ್ಲ, ಗೊತ್ತಾದಾಗ ಮಾಡುವುದೇನೂ ಉಳಿದಿರುವುದಿಲ್ಲ.

ನೆಟೆಗೆ ಕಾರಣ ಮಣ್ಣಿನಲ್ಲಿ ಬದುಕುವ ಶಿಲೀಂಧ್ರ. ಅದು ಉಣ್ಣುತ್ತದೆ, ಬೆಳೆಯುತ್ತದೆ, ವಿಷ ತಗುಲಿದರೆ ಸಾಯುತ್ತದೆ. ಗೊಡ್ಡಿನ ನಂಜಾಣು, ಅಂದರೆ ವೈರಸ್, ಹಾಗಲ್ಲ. ಅದಕ್ಕೆ ಉಸಿರಿಲ್ಲ, ಹಸಿವಿಲ್ಲ, ಸ್ವಂತ ಜೀವಕೋಶವೂ ಇಲ್ಲ. ಇರುವುದು ಆರ್‌ಎನ್‌ಎ ಎಂಬ ಅಣುವಿನ ಐದಾರು ತುಂಡು, ಅದಕ್ಕೆ ಸುತ್ತಿದ ಪ್ರೋಟೀನು, ಮೇಲೊಂದು ಪೊರೆ. ಇಂಥ ವಸ್ತುವನ್ನು ಬ್ಯಾಕ್ಟೀರಿಯಾ ನಿಲ್ಲುವ ಸೋಸುಕವೂ ಹಿಡಿಯಲಾರದು ಎಂದು 1892ರಲ್ಲಿ ರಷ್ಯದ ವಿಜ್ಞಾನಿ ಇವನೋವ್ಸ್ಕಿ ತಂಬಾಕಿನ ರೋಗದಲ್ಲಿ ಕಂಡರು. ಅದೇ ರೋಗದ ವೈರಸ್ಸನ್ನು 1935ರಲ್ಲಿ ಅಮೆರಿಕದ ವಿಜ್ಞಾನಿ ಸ್ಟ್ಯಾನ್ಲಿ ಹರಳುಗಟ್ಟಿಸಿದರು. ಹರಳಾಗಿ ಕೂತದ್ದನ್ನು ನೀರಿನಲ್ಲಿ ಕರಗಿಸಿ ಎಲೆಗೆ ಉಜ್ಜಿದರೆ ಮತ್ತೆ ರೋಗ ಬಂತು.

ಗೊಡ್ಡಿನ ವೈರಸ್ಸಿನ ಆರ್‌ಎನ್‌ಎ ಕೋಶಕ್ಕೆ ನೇರವಾಗಿ ಓದಲು ಬರುವಂಥದ್ದಲ್ಲ. ಅಚ್ಚಿನ ಮೊಳೆಯಲ್ಲಿ ಅಕ್ಷರ ತಿರುವಾಗಿರುವಂತೆ ಇಲ್ಲೂ ಬರಹ ತಿರುವು. ಅದನ್ನು ಸರಿ ಪ್ರತಿ ಮಾಡುವ ಕಿಣ್ವ ತೊಗರಿಯ ಹತ್ತಿರ ಇರುವುದಿಲ್ಲ, ಆದ್ದರಿಂದ ವೈರಸ್ಸೇ ಅದನ್ನು ಜೊತೆಗೆ ತರುತ್ತದೆ. ಒಂದು ಸಲ ಪ್ರತಿಯಾಯಿತೆಂದರೆ ಪ್ರೋಟೀನು ಕಟ್ಟುವ ಸಲಕರಣೆಯೆಲ್ಲ ಗಿಡದ್ದು: ಪ್ರೋಟೀನು ಜೋಡಿಸುವ ಗಿಡದ ರೈಬೋಸೋಮು, ಗಿಡದ ಅಮೈನೋ ಆಮ್ಲ, ಗಿಡದ ಶಕ್ತಿ. ಒಂದು ಕೋಶದಿಂದ ಪಕ್ಕದ ಕೋಶಕ್ಕೆ ಅವುಗಳ ನಡುವಿನ ಸಣ್ಣ ಕಿಂಡಿಗಳಲ್ಲೇ ದಾಟುತ್ತದೆ.

ಮೊದಲ ಕೋಶದೊಳಗೆ ಹೋಗುವುದೇ ಕಷ್ಟ. ಗಿಡದ ಕೋಶಕ್ಕೆ ಸೆಲ್ಯುಲೋಸಿನ ಗೋಡೆ ಇದೆ, ವೈರಸ್ಸಿಗೆ ಅದನ್ನು ಒಡೆಯಲು ಬರುವುದಿಲ್ಲ. ಯಾರಾದರೂ ಚುಚ್ಚಿಕೊಡಬೇಕು. ಚುಚ್ಚುವುದು ಒಂದು ನುಸಿ: ಹುಳುವಿನಂತೆ ಉದ್ದನೆಯ ಮೈ, ನಾಲ್ಕೇ ಕಾಲು, ಮೈಯುದ್ದ 0.25 ಮಿಲಿಮೀಟರ್ ಮೀರದು. ಎಳೆ ಎಲೆಯ ಕೆಳಮೈಯಲ್ಲಿ ಇರುತ್ತದೆ. ರೆಕ್ಕೆಯಿಲ್ಲ, ಗಾಳಿಯೇ ಅದನ್ನು ಒಂದು ಹೊಲದಿಂದ ಇನ್ನೊಂದಕ್ಕೆ ಒಯ್ಯುತ್ತದೆ. ರೋಗದ ಗಿಡವನ್ನು 15 ನಿಮಿಷ ಹೀರಿದರೆ ವೈರಸ್ ಅದಕ್ಕೆ ಸಿಗುತ್ತದೆ, ಒಳ್ಳೆಯ ಗಿಡಕ್ಕೆ ದಾಟಿಸಲು ಸುಮಾರು ಒಂದೂವರೆ ಗಂಟೆ ಹೀರಬೇಕು. ಗಿಡಕ್ಕೆ ಐದಾರು ನುಸಿ ಸಾಕು.

ಈ ರೋಗ 1931ರಲ್ಲೇ ಬಿಹಾರದ ಪೂಸಾದಲ್ಲಿ ದಾಖಲಾಗಿದ್ದರೂ ವೈರಸ್ಸಿನ ಗುರುತು ಸಿಕ್ಕಿದ್ದು 2000ದ ಆಸುಪಾಸಿನಲ್ಲಿ, ಬೀದರಿನಿಂದ ಹೈದರಾಬಾದಿಗೆ ಹೋಗುವ ದಾರಿಯಲ್ಲಿರುವ ಪಟಂಚೇರುವಿನ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯಲ್ಲಿ. ತಳಿ ಪರೀಕ್ಷೆಗೆ ಅಲ್ಲಿ ರೂಢಿಯಾದ ವಿಧಾನ ಸರಳ: ಎರಡೆಲೆ ಬಿಟ್ಟ ಸಸಿಯ ಎಲೆಗೆ ರೋಗದ ಎಲೆ ಸುತ್ತಿ ಸ್ಟೇಪಲ್ ಹೊಡೆಯುತ್ತಾರೆ. ರೋಗದ ಎಲೆ ಒಣಗುತ್ತಿದ್ದಂತೆ ನುಸಿಗಳು ಅದನ್ನು ಬಿಟ್ಟು ಹಸಿರು ಎಲೆಗೆ ಹತ್ತುತ್ತವೆ. ಕಿತ್ತ ಗೊಡ್ಡು ಗಿಡವನ್ನು ಬದುವಿನ ಮೇಲೆ ಎಸೆದವರು ತಿಳಿಯದೆ ಮಾಡುವುದೂ ಇದನ್ನೇ! ಕಿತ್ತ ಗಿಡ ನೇರ ಚೀಲಕ್ಕೆ ಹೋಗಬೇಕು, ಅಲ್ಲಿಂದ ಸುಡಲು ಇಲ್ಲವೇ ಹೂಳಲು.

ಕೀಳುವ ಕಾಲವೂ ಮುಖ್ಯ. ಬಿತ್ತಿದ 45 ದಿನದೊಳಗೆ ರೋಗ ಹತ್ತಿದ ಗಿಡದಲ್ಲಿ ಇಳುವರಿ ನಷ್ಟ ನೂರಕ್ಕೆ 95ರಿಂದ 100 ಭಾಗ. ತಡವಾಗಿ ಹತ್ತಿದ್ದರಲ್ಲಿ ಕೆಲವು ಕೊಂಬೆಯಾದರೂ ಕಾಯಿ ಕಟ್ಟಬಹುದು. ಹಾಗಾಗಿ ಜೂನ್ ಕೊನೆಗೆ ಬಿತ್ತಿದವರು ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ವಾರಕ್ಕೊಮ್ಮೆ ಸಾಲು ಹಿಡಿದು ನಡೆಯಬೇಕು. ಬೇಸಿಗೆಯಲ್ಲಿ ನೋಡಬೇಕಾದ್ದು ಬೇರೆ: ಬದುವಿನ ಹಳೆಯ ತೊಗರಿ ಮತ್ತು ಕೊಯ್ದ ಕೂಳೆಯಲ್ಲಿ ಚಿಗುರಿದ ಗಿಡ. ವೈರಸ್ ಬೀಜದಿಂದ ಬರುವುದಿಲ್ಲ, ನುಸಿಯ ಮೊಟ್ಟೆಯಿಂದಲೂ ಬರುವುದಿಲ್ಲ. ಮುಂದಿನ ಮುಂಗಾರಿಗೆ ಅದು ಉಳಿಯುವುದು ಈ ಹಸಿರು ಗಿಡಗಳಲ್ಲೇ.

ಎಣ್ಣೆ, ಅಂದರೆ ಕೀಟನಾಶಕ, ಹೊಡೆದರೆ ವೈರಸ್ಸಿಗೆ ಏನೂ ಆಗದು. ನುಸಿನಾಶಕ ನುಸಿಯನ್ನು ಕೊಲ್ಲುತ್ತದೆ, ಅದೂ ಎಳೆಯ ಬೆಳೆಯಲ್ಲಿ, ಎಲೆಯ ಕೆಳಮೈ ತೊಯ್ದರೆ. ಶಿಲೀಂಧ್ರನಾಶಕ, ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಟ್ರೈಕೋಡರ್ಮಾ ಎಂಬ ಶಿಲೀಂಧ್ರದ ಬೀಜೋಪಚಾರ ನೆಟೆಗೆ ಸರಿ, ಗೊಡ್ಡಿಗೆ ಅಲ್ಲ.

ವೈರಸ್ಸಿಗಿಂತ ಬರಿದಾದ ಸೋಂಕುಗಳೂ ಇವೆ. ಆಲೂಗಡ್ಡೆಯನ್ನು ಕದಿರಿನಂತೆ ಸೊರಗಿಸುವ ವೈರಾಯ್ಡ್‌ಗೆ ಪ್ರೋಟೀನಿನ ಹೊದಿಕೆಯೇ ಇಲ್ಲ. 359 ಅಕ್ಷರದ ಆರ್‌ಎನ್‌ಎ ಉಂಗುರ ಅಷ್ಟೇ. 1971ರಲ್ಲಿ ಅಮೆರಿಕದ ವಿಜ್ಞಾನಿ ಡೀನರ್ ಅದನ್ನು ಗುರುತಿಸಿದರು. ಕುರಿಗಳ ಮಿದುಳು ಕೆಡಿಸುವ ಪ್ರಿಯಾನ್‌ನಲ್ಲಿ ಆ ಅಕ್ಷರವೂ ಇಲ್ಲ. ತಪ್ಪಾಗಿ ಮಡಚಿದ ಪ್ರೋಟೀನು ಪಕ್ಕದ ಸರಿಯಾದ ಪ್ರೋಟೀನನ್ನೂ ತನ್ನಂತೆ ಮಡಚಿಸುತ್ತದೆ.

ತೊಗರಿಗೆ ಗಟ್ಟಿ ರಕ್ಷಣೆ ತಳಿಯದ್ದು. ಮಾರುತಿ ಎಂಬ ತಳಿ ನೆಟೆಯನ್ನು ತಡೆಯುತ್ತದೆ, ಗೊಡ್ಡಿಗೆ ಬಲಿಯಾಗುತ್ತದೆ. ಆಶಾ, ಬಿಎಸ್‌ಎಂಆರ್-736 ಎರಡನ್ನೂ ತಡೆಯುವ ತಳಿಗಳೆಂದು ಹೆಸರಾಗಿವೆ. ಆದರೆ ವೈರಸ್ಸಿನಲ್ಲೂ ಬಗೆಗಳಿವೆ. ಬೆಂಗಳೂರು ಕಡೆಯದು ಪಟಂಚೇರುವಿನದಕ್ಕಿಂತ ಬಲವಾದದ್ದು, ಪಟಂಚೇರುವಿನಲ್ಲಿ ತಡೆದ ತಳಿ ಬೆಂಗಳೂರು ಕಡೆ ಸೋಲಬಹುದು. ಬೀಜ ಕೊಳ್ಳುವಾಗ ಅದನ್ನು ಯಾವ ಸೀಮೆಯಲ್ಲಿ ಪರೀಕ್ಷಿಸಿದ್ದಾರೆ ಎಂದು ಕೇಳಬೇಕಾದದ್ದು ಈ ಕಾರಣಕ್ಕೆ.