ಇಪ್ಪತ್ತೆಂಟಕ್ಕೆ ಮೂವರು ವಾರಸುದಾರರು

ವಿಶ್ವವಿದ್ಯಾಲಯದ ಮಾಸ್ ಸ್ಪೆಕ್ಟ್ರೋಮೆಟ್ರಿ, ಅಂದರೆ ಅಣುಗಳನ್ನು ತೂಗುವ, ಪ್ರಯೋಗಾಲಯಕ್ಕೆ ಬರುವ ಸೀಸೆಗಳ ಬೆನ್ನಿಗೇ ಒಂದು ಪ್ರಶ್ನೆಯೂ ಬರುತ್ತದೆ: 'ಇದರಲ್ಲಿ ಏನಿದೆ?' ಪತ್ತೇದಾರಿ ಧಾರಾವಾಹಿಗಳ ಕೃಪೆಯಿಂದ, ಯಂತ್ರಕ್ಕೆ ಪುಡಿ ಹಾಕಿದರೆ ಹೆಸರು ಉದುರುತ್ತದೆ ಎಂಬ ನಂಬಿಕೆ ಬೇರೂರಿಬಿಟ್ಟಿದೆ. ಉದುರುವುದು ಬರೀ ಸಂಖ್ಯೆಗಳು.

ಅವೂ ನೇರ ತೂಕವಲ್ಲ. ಅಣುಗಳನ್ನು ವಿದ್ಯುದಾವೇಶ ಹೊತ್ತ ಅಯಾನುಗಳಾಗಿಸಿ ನಿರ್ವಾತದಲ್ಲಿ ಓಡಿಸುತ್ತಾರೆ. ಹಾರಾಟದ ಕಾಲವನ್ನು ಅಳೆಯುವ ಉಪಕರಣದಲ್ಲಿ ಎಲ್ಲವನ್ನೂ ಒಂದೇ ವೋಲ್ಟೇಜ್ ತಳ್ಳುತ್ತದೆ. ಆವೇಶ ಸಮನಾಗಿದ್ದರೆ ಹಗುರವಾದದ್ದು ಮೊದಲು ಗುರಿ ಮುಟ್ಟುತ್ತದೆ, ನಾಲ್ಕು ಪಟ್ಟು ಭಾರದ್ದಕ್ಕೆ ಎರಡು ಪಟ್ಟು ಸಮಯ ಬೇಕು. ಆವೇಶ ಇಮ್ಮಡಿಯಾದರೆ ತೂಕ ಅರ್ಧವಾದಂತೆ ಕಾಣುತ್ತದೆ. ಸಿಗುವುದು ದ್ರವ್ಯರಾಶಿಗೂ ಆವೇಶಕ್ಕೂ ಇರುವ ಅನುಪಾತ.

ತೆರೆಯ ಮೇಲೆ 28 ಬಂತೆನ್ನಿ. ಸಾರಜನಕವೇ, ಕಾರ್ಬನ್ ಮಾನಾಕ್ಸೈಡೇ, ಎಥಿಲೀನೇ? ಮೂರೂ ಹಕ್ಕು ಸಾಧಿಸುತ್ತವೆ. ಜಗಳ ತೀರುವುದು ದಶಮಾಂಶದಲ್ಲಿ: ಕಾರ್ಬನ್ ಮಾನಾಕ್ಸೈಡ್ 27.9949, ಸಾರಜನಕ 28.0061, ಎಥಿಲೀನ್ 28.0313.

ಈ ಚಿಲ್ಲರೆ ಎಲ್ಲಿಂದ ಬಂತು? ಪ್ರೋಟಾನು, ನ್ಯೂಟ್ರಾನುಗಳು ಪರಮಾಣುವಿನ ನ್ಯೂಕ್ಲಿಯಸ್‌ನಲ್ಲಿ ಬಿಗಿದುಕೊಳ್ಳುವಾಗ ಶಕ್ತಿ ಹೊರಬೀಳುತ್ತದೆ, ಆ ಮಟ್ಟಿಗೆ ದ್ರವ್ಯರಾಶಿಯೂ ಕರಗುತ್ತದೆ. ಬಿಗಿತ ಬೇರೆಯಾದರೆ ಕರಗುವ ಪಾಲೂ ಬೇರೆ. ಸಾಮಾನ್ಯ ಹೈಡ್ರೋಜನ್ನಿನಲ್ಲಿರುವುದು ಒಂಟಿ ಪ್ರೋಟಾನು. ಬಿಗಿದುಕೊಳ್ಳಲು ಜೊತೆಗಾರರೇ ಇಲ್ಲ. ಹಾಗಾಗಿ ಕಾರ್ಬನ್ನನ್ನು ಕರಾರುವಾಕ್ಕಾಗಿ 12 ಎಂದು ಹಿಡಿದ ಮಾನದಲ್ಲಿ ಅದು 1.00783. ಎಥಿಲೀನಿನ ಅಷ್ಟೂ ಚಿಲ್ಲರೆ ಅದರ ನಾಲ್ಕು ಹೈಡ್ರೋಜನ್‌ಗಳದ್ದೇ!

ಇದೇ ನಾಲ್ಕು ಹೈಡ್ರೋಜನ್‌ಗಳ ಲೆಕ್ಕ ಒಮ್ಮೆ ಸೂರ್ಯನವರೆಗೂ ಹೋಗಿತ್ತು. 1919ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಪರಮಾಣುಗಳನ್ನು ತೂಗುವ ತನ್ನ ಉಪಕರಣ ಕಟ್ಟಿದ ಫ್ರಾನ್ಸಿಸ್ ಆಸ್ಟನ್, ಒಂದು ಹೀಲಿಯಂ ಪರಮಾಣು ನಾಲ್ಕು ಹೈಡ್ರೋಜನ್‌ಗಳಿಗಿಂತ ಸುಮಾರು ಶೇಕಡಾ 0.7ರಷ್ಟು ಹಗುರ ಎಂದು ಕಂಡುಕೊಂಡ. ಖಗೋಳವಿಜ್ಞಾನಿ ಆರ್ಥರ್ ಎಡಿಂಗ್ಟನ್ 1920ರಲ್ಲೇ ಅದನ್ನು ಹಿಡಿದುಕೊಂಡು, ನಕ್ಷತ್ರಗಳು ಉರಿಯುವುದು ಈ ಕೊರತೆಯಿಂದಲೇ ಇರಬಹುದೆಂದ. ಕಾಂತ, ನಿರ್ವಾತ ಕೊಳವೆ, ಫೋಟೋ ಫಲಕ: ಸೂರ್ಯನ ಇಂಧನದ ಸುಳಿವಿಗೆ ಸಾಕಾದದ್ದು ಇಷ್ಟು. ಆಸ್ಟನ್‌ಗೆ 1922ರ ರಸಾಯನಶಾಸ್ತ್ರದ ನೊಬೆಲ್ ಬಂತು.

ದಶಮಾಂಶವೂ ಕೈಕೊಡುವ ಜಾಗಗಳಿವೆ. ಲ್ಯೂಸಿನ್, ಐಸೋಲ್ಯೂಸಿನ್ ಎಂಬ ಅಮೈನೋ ಆಮ್ಲಗಳಲ್ಲಿ ಇರುವುದು ಅವೇ ಪರಮಾಣುಗಳು, ಜೋಡಣೆ ಮಾತ್ರ ಬೇರೆ; ಎಷ್ಟು ಅಂಕಿಗಳವರೆಗೆ ಅಳೆದರೂ ತೂಕ ಒಂದೇ. ಅದಕ್ಕೇ ಮಾದರಿಯ ಜೊತೆಗಿನ ಅರ್ಜಿಯಲ್ಲಿ ದ್ರಾವಕ ಯಾವುದು, ಉಪ್ಪಿದೆಯೇ, ನಿರೀಕ್ಷಿತ ಸೂತ್ರವೇನು ಎಂದೆಲ್ಲ ಕೇಳುವುದು. 'ಅದನ್ನು ಹೇಳಬೇಕಾದದ್ದು ಯಂತ್ರವಲ್ಲವೇ' ಎಂದು ಸಿಡುಕಿ ಕಾಲಂಗಳನ್ನು ಖಾಲಿ ಬಿಡುವವರಿಗೆ ಉಪ್ಪು ಪಾಠ ಕಲಿಸುತ್ತದೆ. ಹೈಡ್ರೋಜನ್ನಿನ ಬದಲು ಉಪ್ಪಿನ ಸೋಡಿಯಂ ಅಂಟಿಕೊಂಡರೆ ತೆರೆಯ ಮೇಲೆ ಅಣುವನ್ನು ತೋರಿಸುವ ಶಿಖರ ಸುಮಾರು 22 ಮಾನ ಆಚೆ ಜಿಗಿಯುತ್ತದೆ, ಹೊಸ ಸಂಯುಕ್ತವೇ ಸಿಕ್ಕಿತೆಂಬ ಸಂಭ್ರಮ ಶುರುವಾಗುತ್ತದೆ.